'ಖಾಯಂ' ನೌಕರಿ: ಕರ್ನಾಟಕದಲ್ಲಿ ಒಂದು ಕಲ್ಪನೆಯ ಚರಿತ್ರೆ

ಹೆಣ್ಣು ಕೊಡುವ ಮಾತು ಬಂದಾಗ ವರನ ವಿಷಯವಾಗಿ ನಮ್ಮ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲಿ ಕೆಲಸ ಖಾಯಮ್ಮೋ ಅಲ್ಲವೋ ಎಂಬುದೂ ಒಂದು. ಸಂಬಳವೆಷ್ಟೆಂಬುದು ಆಮೇಲಿನ ಮಾತು. ಇಂದಿನ ತರುಣರು ಮೂರು ವರ್ಷಕ್ಕೊಮ್ಮೆ ಉದ್ಯೋಗವನ್ನು ಬದಲಿಸುವುದನ್ನು ಕಂಡು, ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ, ಸೇರಿದ ಕಡೆಯಲ್ಲಿಯೇ ನಿವೃತ್ತರಾಗುತ್ತಿದ್ದರು ಎಂದು ಹೇಳುವವರುಂಟು. ಒಂದೇ ನೌಕರಿಯಲ್ಲಿ ಬಾಳನ್ನು ಸವೆಸುವುದು ಪರಂಪರಾಗತವಾದ ರೂಢಿಯೆಂದೂ ಉದ್ಯೋಗಾಂತರವು ಆಧುನಿಕವಾದ ಚಾಪಲ್ಯವೆಂದೂ ಈ ಮಾತಿನ ಅಭಿಪ್ರಾಯ. ಚರಿತ್ರೆಯ ಸಾಕ್ಷ್ಯವು ಇದಕ್ಕೆ ಅನುಕೂಲವಾಗಿಲ್ಲ. ಕೂಲಿ ಸಂಬಳಗಳಿಂದ ಜೀವಿಸುವ ಜನಸಾಮಾನ್ಯರ ಮಟ್ಟಿಗೆ ಖಾಯಂ ನೌಕರಿಯೆಂಬುದು ಹೆಚ್ಚೆಂದರೆ ನಾಲ್ಕು ದಶಕಗಳ ವ್ಯವಸ್ಥೆ. ಅದರ ಹಿಂದೆಯೂ ಮುಂದೆಯೂ ಇರುವುದು ಅಸ್ಥಿರತೆಯೇ. ಈ ಸಂಗತಿಯನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ಖಾಯಂ ಅಥವಾ ಕಾಯಂ ಎಂಬುದು ಅರಬ್ಬಿ ಮೂಲದ್ದು. ನಿಂತಿರುವುದು ಎಂಬುದು ಅದರ ಮೂಲಾರ್ಥ. ಪಾರಸಿಯ ಮೂಲಕ ದಖನ್ನಿನ ಆಡಳಿತ ಭಾಷೆಗೆ ಬಂದು ಕನ್ನಡದಲ್ಲಿ ನೆಲೆಯೂರಿತು. ಮೈಸೂರು ಸಂಸ್ಥಾನದ ಕಂದಾಯ ಪರಿಭಾಷೆಯಲ್ಲಿ ಕಾಯಂಗುತ್ತ ಗ್ರಾಮಗಳೆಂಬುವು ಇದ್ದುವು. ಅವುಗಳಿಂದ ಸರ್ಕಾರಕ್ಕೆ ಸಲ್ಲತಕ್ಕ ಮೊಬಲಗು ಶಾಶ್ವತವಾಗಿ ನಿಗದಿಯಾಗಿರುತ್ತಿತ್ತು. ಹೀಗೆ ಈ ವಿಶೇಷಣವು ಮನುಷ್ಯನಿಗೆ ಅಂಟುವ ಮೊದಲು ಭೂಮಿಗೂ ಕಂದಾಯಕ್ಕೂ ಅಂಟಿತ್ತು. ಮನುಷ್ಯನ ಕೆಲಸಕ್ಕೆ ಆಗ ಸ್ಥಿರತೆ ಇರಲಿಲ್ಲವೆಂದಲ್ಲ. ಇದ್ದದ್ದು ಬೇರೊಂದು ಬಗೆಯದು. ಶಾನುಭೋಗ, ಪಟೇಲ, ತಳವಾರ, ತೋಟಿ, ನೀರಗಂಟಿ ಮುಂತಾದವರ ಕೆಲಸಗಳು ವಂಶಪಾರಂಪರ್ಯವಾಗಿದ್ದು, ಇನಾಂ ಭೂಮಿ ಅಥವಾ ಕಣದಲ್ಲಿ ದೊರೆಯುವ ಆಯ ಅವರ ಪ್ರತಿಫಲವಾಗಿತ್ತು. ಇದನ್ನು ನೌಕರಿಯೆನ್ನುವುದು ಕಷ್ಟ. ಶಾನುಭೋಗನನ್ನು ವರ್ಗ ಮಾಡುವಂತಿರಲಿಲ್ಲ ಎಂಬುದು ಎಷ್ಟು ನಿಜವೋ ತೋಟಿಯ ಮಗನು ತೋಟಿಯ ಕೆಲಸವನ್ನು ಬಿಟ್ಟು ಹೋಗುವುದು ಸುಲಭವಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಒಬ್ಬನಿಗೆ ಹಕ್ಕಾಗಿದ್ದುದೇ ಇನ್ನೊಬ್ಬನಿಗೆ ಕಟ್ಟಾಗಿತ್ತು. ಹಳೆಯ ಕಾಲದ ಸ್ಥಿರತೆಯನ್ನು ಹೊಗಳುವವರು ಈ ಎರಡನೆಯ ಮುಖವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮಾಸಿಕ ಸಂಬಳ, ಬಡ್ತಿ, ವರ್ಗಾವಣೆ, ಕೊನೆಗೆ ಪಿಂಚಣಿ, ಈ ನಾಲ್ಕೂ ಕೂಡಿದ ನೌಕರಿಯು ಸಂಸ್ಥಾನದ ಆಧುನಿಕ ಆಡಳಿತದೊಡನೆ ಬೆಳೆಯಿತು. 1881ರಲ್ಲಿ ಆಡಳಿತವು ಒಡೆಯರ ವಂಶಕ್ಕೆ ಮರಳಿದ ತರುವಾಯ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1891ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆಯು ಏರ್ಪಟ್ಟಿತು. 1916ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲೆ ಪದವೀಧರರ ಸಂಖ್ಯೆ ಹೆಚ್ಚುತ್ತ ಹೋಯಿತು. ಹುದ್ದೆಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಪ್ರಸ್ತಾಪವನ್ನು ಸಾಮಾನ್ಯವಾಗಿ ಜಾತಿಗಳ ಪ್ರಾತಿನಿಧ್ಯದ ದೃಷ್ಟಿಯಿಂದ ಓದುತ್ತೇವೆ. ಅದು ಸರಿಯೇ. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಾಗದಂತೆ ಬ್ರಾಹ್ಮಣೇತರರು ಇರಬೇಕೆಂದು ಸಮಿತಿಯು 1919ರಲ್ಲಿ ಸೂಚಿಸಿತು. ಆದರೆ ಈ ವಿವಾದವು ಅಷ್ಟೊಂದು ತೀವ್ರವಾದುದಕ್ಕೆ ಹುದ್ದೆಯ ಶಾಶ್ವತತೆಯೂ ಒಂದು ಕಾರಣವೆಂಬುದನ್ನು ಗಮನಿಸಬೇಕು. ಒಮ್ಮೆ ತುಂಬಿದ ಗುಮಾಸ್ತೆಯ ಕುರ್ಚಿ ಮೂವತ್ತು ವರ್ಷ ತೆರವಾಗುವುದಿಲ್ಲ. ಇಂದು ತಪ್ಪಿದ ಅವಕಾಶವು ಒಂದು ತಲೆಮಾರಿಗೇ ತಪ್ಪಿದಂತೆ.

ಇದೇ ಕಾಲದಲ್ಲಿ ಗಣಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುತ್ತಿದ್ದವರ ಸ್ಥಿತಿ ತೀರ ಬೇರೆಯಾಗಿತ್ತು. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಕೋಲಾರದ ಚಿನ್ನದ ಸೀಮೆಗೆ ಕಾಲಿಟ್ಟ ಮೇಲೆ ಅಲ್ಲಿಗೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಜನರು ಬಂದರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿಗಳು ಹಲವಾಗಿದ್ದುವು. ಕಂತ್ರಾಟುದಾರನ ಮೂಲಕ ಬಂದವನಿಗೆ ಕಂಪನಿಯೊಡನೆ ನೇರವಾದ ಸಂಬಂಧವಿರಲಿಲ್ಲ. ಅವನು ಕಂತ್ರಾಟುದಾರನ ಆಳು. ಬೆಂಗಳೂರಿನ ಬಟ್ಟೆ ಗಿರಣಿಗಳಲ್ಲಿ ಬದಲಿ ಎಂಬ ವರ್ಗವಿತ್ತು. ಮುಂಜಾನೆ ಗಿರಣಿಯ ಬಾಗಿಲಲ್ಲಿ ನಿಂತು, ಖಾಯಂ ಆಳು ಬಾರದಿದ್ದರೆ ಅವನ ಮಗ್ಗಕ್ಕೆ ಹೋಗುವವನೇ ಬದಲಿ. ಎಲ್ಲರೂ ಬಂದ ದಿನ ಅವನಿಗೆ ಕೂಲಿಯಿಲ್ಲ. ಕನ್ನಡದ ಸಾಧಾರಣ ಶಬ್ದವೊಂದು ಹೀಗೆ ಒಬ್ಬ ಮನುಷ್ಯನ ಹೆಸರಾಗಿ, ಅನಂತರ ಕಾನೂನಿನ ಪುಸ್ತಕವನ್ನೂ ಸೇರಿತು.

ಕಾನೂನು ಈ ವಿಷಯದಲ್ಲಿ ಪ್ರವೇಶಿಸಿದ್ದು ತಡವಾಗಿ. 1946ರ ಸ್ಥಾಯೀ ಆದೇಶಗಳ ಶಾಸನವೂ ಅದರ ಮಾದರಿ ನಿಯಮಗಳೂ ಕೆಲಸಗಾರರನ್ನು ಖಾಯಂ, ಪರೀಕ್ಷಾರ್ಥ, ಬದಲಿ, ತಾತ್ಕಾಲಿಕ, ಸಾಂದರ್ಭಿಕ, ಅಭ್ಯಾಸಿ ಎಂದು ವಿಂಗಡಿಸಿದುವು. ಮರುವರ್ಷ ಕೈಗಾರಿಕಾ ವಿವಾದಗಳ ಶಾಸನವು ಬಂದಿತು. 1953ರ ತಿದ್ದುಪಡಿಯ ಪ್ರಕಾರ, ಕೆಲಸದಿಂದ ತೆಗೆಯುವಾಗ ಸೇವೆ ಸಲ್ಲಿಸಿದ ವರ್ಷವೊಂದಕ್ಕೆ 15 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕಾಯಿತು, ಕೊನೆಗೆ ಬಂದವನನ್ನು ಮೊದಲು ತೆಗೆಯಬೇಕೆಂಬ ನಿಯಮವೂ ಸ್ಥಿರವಾಯಿತು. ವರ್ಷದಲ್ಲಿ 240 ದಿನ ದುಡಿದರೆ ಒಂದು ವರ್ಷದ ಅವಿಚ್ಛಿನ್ನ ಸೇವೆಯೆಂದು ಗಣನೆ. ಈ ಅಂಕೆಯು ಕಾರ್ಖಾನೆಯ ಬಾಗಿಲಲ್ಲಿ ಎಷ್ಟು ಪ್ರಸಿದ್ಧವಾಯಿತೆಂದರೆ, ಮಾಲೀಕರ ಕಡೆಯವರು 240 ತುಂಬುವ ಮುಂಚೆಯೇ ಆಳನ್ನು ಬಿಡಿಸಿ ಮತ್ತೆ ಹೊಸದಾಗಿ ಸೇರಿಸಿಕೊಳ್ಳುವ ಉಪಾಯವನ್ನು ಕಲಿತರು. ರಕ್ಷಣೆಗಾಗಿ ಎಳೆದ ಗೆರೆಯ ಈಚೆಗೇ ಜನರನ್ನು ನಿಲ್ಲಿಸಿದಂತಾಯಿತು.

ಬೆಂಗಳೂರಿನಲ್ಲಿ ಇದರ ಫಲವನ್ನು ಕಂಡದ್ದು ಸರ್ಕಾರಿ ಕಾರ್ಖಾನೆಗಳಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ವಿಮಾನ ಕಾರ್ಖಾನೆಯು ಯುದ್ಧಕಾಲದಲ್ಲಿ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಯುದ್ಧ ಮುಗಿದೊಡನೆ ಆ ಕೆಲಸ ಇಳಿದು, ರೈಲುಗಾಡಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಬೇಕಾಯಿತು. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದುವು. ವಸತಿ, ಶಾಲೆ, ಆಸ್ಪತ್ರೆ, ಬಸ್ಸು, 1952ರ ಶಾಸನದಂತೆ ಭವಿಷ್ಯನಿಧಿ, ಇವೆಲ್ಲ ಸೇರಿ ದುಡಿಯುವ ಮನೆಗಳಿಗೆ ಮೊತ್ತಮೊದಲ ಬಾರಿಗೆ ಮುಂದಿನ ಇಪ್ಪತ್ತು ವರ್ಷಗಳ ಲೆಕ್ಕವನ್ನು ಹಾಕುವುದು ಸಾಧ್ಯವಾಯಿತು. ನಿವೇಶನಕ್ಕಾಗಿ ಕಂತು ಕಟ್ಟುವುದು, ಮಗಳನ್ನು ಕಾಲೇಜಿಗೆ ಕಳುಹಿಸುವುದು, ಹಳ್ಳಿಯಲ್ಲಿನ ತಮ್ಮನ ಸಾಲವನ್ನು ತೀರಿಸುವುದು, ಇವು ಭವಿಷ್ಯದ ಮೇಲೆ ನಂಬಿಕೆಯುಳ್ಳವನು ಮಾಡುವ ಕೆಲಸಗಳು. ಆ ನಂಬಿಕೆಯ ಆಧಾರ ನೇಮಕದ ಆದೇಶದಲ್ಲಿದ್ದ ಒಂದು ಶಬ್ದ. ಈ ಸಾಧನೆಯನ್ನು ಕಡಮೆಯಾಗಿ ಎಣಿಸುವುದು ನನಗೆ ಸರಿತೋರುವುದಿಲ್ಲ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್‌.ಎಂ.ಟಿ.ಯ ಗಡಿಯಾರದ ಕಾರ್ಖಾನೆ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1961ರಲ್ಲಿ. ಮೈಸೂರು ಗ್ರಾಮ ಕಚೇರಿಗಳ ರದ್ದಿಯಾತಿ ಶಾಸನವೂ 1961ರದೇ. ಅದು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಶಾನುಭೋಗಿಕೆ, ಪಟೇಲಿಕೆ, ತಳವಾರಿಕೆಗಳೆಲ್ಲವೂ ಅಳಿದುವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಕುಲಕರ್ಣಿ ವತನಗಳು 1950ರ ಶಾಸನದಿಂದ ಮೊದಲೇ ಹೋಗಿದ್ದುವು. ಪರೀಕ್ಷೆಯಿಂದ ಆಯ್ಕೆಯಾಗಿ, ವರ್ಗವಾಗಬಲ್ಲ ಗ್ರಾಮಲೆಕ್ಕಿಗನು ಶಾನುಭೋಗನ ಸ್ಥಾನಕ್ಕೆ ಬಂದನು. ವಂಶದ ಸ್ಥಿರತೆಯು ಕೊನೆಗಂಡ ಗಳಿಗೆಯಲ್ಲಿಯೇ ವೇತನದ ಸ್ಥಿರತೆಯು ಬೇರೂರುತ್ತಿತ್ತು. ಹಳೆಯದು ಪೂರ್ತಿಯಾಗಿ ಸಾಯಲೂ ಇಲ್ಲ. ಕೆಲಸಗಾರನ ಮಗನಿಗೆ ನೇಮಕದಲ್ಲಿ ಆದ್ಯತೆ ಬೇಕೆಂಬ ಬೇಡಿಕೆ ಹಲವು ಕಾರ್ಖಾನೆಗಳಲ್ಲಿ ಎದ್ದಿತು. ಸೇವೆಯಲ್ಲಿದ್ದಾಗ ತೀರಿಕೊಂಡವನ ಮನೆಯವರಿಗೆ ಅನುಕಂಪದ ಆಧಾರದ ಮೇಲೆ ನೌಕರಿ ಕೊಡುವ ಪದ್ಧತಿಯು ಸರ್ಕಾರದಲ್ಲಿ ನಿಯಮವೇ ಆಯಿತು.

ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಮ್ ಅವರು ಬೆಂಗಳೂರಿನ ಕಾರ್ಖಾನೆಗಳ ಕೆಲಸಗಾರರನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಘಟಿತ ಉದ್ಯೋಗವನ್ನು ಒಂದು ಕೋಟೆಗೆ ಹೋಲಿಸಿದರು. ಒಳಗಿರುವವರು ಸುರಕ್ಷಿತರು, ಹೊರಗಿರುವವರ ಆಸೆಯೆಲ್ಲ ಒಳಹೋಗುವುದು. 1984ರ ಇನ್ನೊಂದು ಗ್ರಂಥದಲ್ಲಿ ಅವರು ಈ ಉಪಮೆಯನ್ನು ತಾವೇ ತಿದ್ದಿಕೊಂಡು, ಒಳಗು ಹೊರಗುಗಳ ನಡುವೆ ಒಂದೇ ಗೋಡೆಯಿಲ್ಲ, ಬೆಟ್ಟದ ಇಳುಕಲಿನಂತೆ ಹಲವು ಮೆಟ್ಟಿಲುಗಳಿವೆ ಎಂದರು. ಎರಡನೆಯದು ಹೆಚ್ಚು ಯಥಾರ್ಥವೆಂದು ತೋರುತ್ತದೆ. ಆದರೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರನ್ನು ನೋಂದಾಯಿಸಿ ವರ್ಷಗಟ್ಟಲೆ ಕಾದವನಿಗೆ ಕಂಡದ್ದು ಮೊದಲನೆಯದೇ ಆಗಿರಬೇಕು. ಕೋಟೆಯ ಬಲವು ಪ್ರಕಟವಾದದ್ದು 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ನಡೆದ 77 ದಿನಗಳ ಮುಷ್ಕರದಲ್ಲಿ. ಬಿ.ಎಚ್‌.ಇ.ಎಲ್‌. ಸಂಸ್ಥೆಯ ವೇತನಕ್ಕೆ ಸಮಾನವಾದ ವೇತನವನ್ನು ಕೇಳಿ ಸುಮಾರು ಒಂದೂಕಾಲು ಲಕ್ಷ ಮಂದಿ ಕೆಲಸವನ್ನು ನಿಲ್ಲಿಸಿದರು. ಅವರು ಅಂದುಕೊಂಡದ್ದು ಕೈಗೂಡಲಿಲ್ಲ.

ಮುಂದಿನ ಕಥೆ ಬಲ್ಲವರಿಗೆ ಬೇಗನೆ ಹೇಳಬಹುದು. 1988ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ತನ್ನ ಉದ್ಯಮಗಳಿಗೆ ಸ್ವಯಂ ನಿವೃತ್ತಿಯ ಯೋಜನೆಯನ್ನು ವಿಧಿಸಿತು. ಹತ್ತು ವರ್ಷ ಸೇವೆಯಾದವರು ಅಥವಾ ನಲವತ್ತು ವಯಸ್ಸು ತುಂಬಿದವರು, ಸೇವೆಯ ವರ್ಷವೊಂದಕ್ಕೆ ಒಂದೂವರೆ ತಿಂಗಳ ವೇತನ, ಇಲ್ಲವೆ ಉಳಿದ ತಿಂಗಳುಗಳ ವೇತನ, ಯಾವುದು ಕಡಮೆಯೋ ಅದನ್ನು ಪಡೆದು ಹೊರಡಬಹುದು. ಹೆಸರಿನಲ್ಲಿ 'ಸ್ವಯಂ' ಇದ್ದರೂ, ಕಾರ್ಖಾನೆ ಮುಚ್ಚುವುದೆಂಬ ಸುದ್ದಿಯ ನಡುವೆ ಸಹಿ ಮಾಡಿದವನ ಇಚ್ಛೆಯು ಎಷ್ಟರಮಟ್ಟಿಗೆ ಸ್ವತಂತ್ರವೆಂಬುದು ವಿಚಾರಾರ್ಹ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದುವು. 2016ರ ಜನವರಿಯಲ್ಲಿ ಎಚ್‌.ಎಂ.ಟಿ. ಗಡಿಯಾರದ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟವು ಒಪ್ಪಿತು. ಈ ಮಧ್ಯೆ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಳೆದ ಸಾಫ್ಟ್‌ವೇರ್ ಉದ್ಯಮದಲ್ಲಿ ಬಡ್ತಿಗಾಗಿ ಕಾಯುವವನಿಗಿಂತ ಕಂಪನಿ ಬಿಟ್ಟು ಕಂಪನಿ ಸೇರುವವನೇ ಬೇಗ ಮೇಲೇರುತ್ತಾನೆಂಬುದು ಸಾಮಾನ್ಯ ಜ್ಞಾನವಾಯಿತು. ಖಾಯಂ ಎಂಬುದನ್ನು ವಿಂಗಡಿಸಿದ ಆ 1946ರ ಶಾಸನದಿಂದಲೇ ಈ ಉದ್ಯಮಕ್ಕೆ ನಮ್ಮ ರಾಜ್ಯ ಸರ್ಕಾರವು ಷರತ್ತಿನೊಡನೆ ವಿನಾಯಿತಿ ನೀಡುತ್ತ ಬಂದಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ನಿಯತಕಾಲದ ನೇಮಕಕ್ಕೆ ಪ್ರತ್ಯೇಕವಾದ ಸ್ಥಾನವೇ ದೊರೆತಿದೆ.

ಸರ್ಕಾರದ ಕೆಲಸವಾದರೂ ಖಾಯಮ್ಮಾಗಿ ಉಳಿಯಿತೇ ಎಂಬ ಪ್ರಶ್ನೆಗೆ ಕಾಲೇಜುಗಳ ವಾಚಕರು ತಮ್ಮ ಅಧ್ಯಾಪಕರ ಕೊಠಡಿಯನ್ನೇ ನೋಡಿಕೊಳ್ಳಬಹುದು. ತಿಥಿ ಗೊತ್ತಿಲ್ಲದೆ ಬಂದವನು ಅತಿಥಿಯೆಂದು ಹಿಂದಿನವರು ನಿರ್ವಚನ ಹೇಳುತ್ತಿದ್ದರು. ನಮ್ಮ ಅತಿಥಿ ಉಪನ್ಯಾಸಕರಿಗೆ ಬಂದ ತಿಥಿಯೂ ಗೊತ್ತು, ವರ್ಷದ ಕೊನೆಗೆ ಹೊರಡುವ ತಿಥಿಯೂ ಗೊತ್ತು. ಈ ಬಗೆಯ ನೌಕರರ ಹಕ್ಕನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಎರಡು ಮುಖ್ಯ ತೀರ್ಪುಗಳೂ ಕರ್ನಾಟಕದ ಮೊಕದ್ದಮೆಗಳಿಂದಲೇ ಹುಟ್ಟಿದುವೆಂಬುದು ಗಮನಾರ್ಹ. ಮೊದಲನೆಯದು ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘದ್ದು. ರಾಜ್ಯದ ಇಲಾಖೆಗಳಲ್ಲಿ ಅಂಥವರು ಸುಮಾರು 50,000 ಮಂದಿ ಇದ್ದರು. 1989ರ ಕೊನೆಗೆ ಹತ್ತು ವರ್ಷ ದುಡಿದಿದ್ದವರನ್ನು ಸೇವೆಯಲ್ಲಿ ಸೇರಿಸಿಕೊಳ್ಳುವ ಯೋಜನೆಯನ್ನು ನ್ಯಾಯಾಲಯವು 1990ರಲ್ಲಿ ನಿರೂಪಿಸಿತು. ಎರಡನೆಯದು ಉಮಾದೇವಿ ಮೊಕದ್ದಮೆ. 2006ರ ಏಪ್ರಿಲ್ 10ರಂದು ತೀರ್ಪಾಯಿತು. ಅದೇ ಏಪ್ರಿಲ್ 1ರಿಂದ ಹೊಸದಾಗಿ ಸೇರುವ ರಾಜ್ಯ ನೌಕರರಿಗೆ ಹಳೆಯ ಪಿಂಚಣಿಯೂ ನಿಂತಿತ್ತು. ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡಿದರೆ, ಅರ್ಜಿ ಹಾಕಲು ಅವಕಾಶವೇ ದೊರೆಯದವರಿಗೆ ಸಂವಿಧಾನವು ಕೊಟ್ಟ ಸಮಾನತೆಯ ಹಕ್ಕು ಭಂಗವಾಗುತ್ತದೆಂಬುದು ಪೀಠದ ನಿರ್ಣಯ. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆಶ್ರಯವಿಲ್ಲದೆ ಹತ್ತು ವರ್ಷ ದುಡಿದವರ ಪ್ರಕರಣಗಳನ್ನು ಒಂದು ಬಾರಿಗೆ ಮಾತ್ರ ಪರಿಶೀಲಿಸಬಹುದೆಂದು ಅದು ವಿನಾಯಿತಿ ಕೊಟ್ಟಿತು. ತರ್ಕದಲ್ಲಿ ಇದನ್ನು ಅಲ್ಲಗಳೆಯುವುದು ಕಷ್ಟ. ಮಿಲ್ಲರ್ ಸಮಿತಿಯ ಮುಂದೆ ನಿಂತಿದ್ದ ಪ್ರಶ್ನೆಯೂ, ಹೊರಗೆ ಉಳಿದವರ ಪಾಲೇನು ಎಂಬುದೇ. ಆದರೆ ಇಪ್ಪತ್ತು ವರ್ಷ ಅವರಿಂದ ಕೆಲಸ ತೆಗೆದುಕೊಂಡ ಇಲಾಖೆಯ ಹೊಣೆಯನ್ನು ಈ ತರ್ಕವು ಮುಟ್ಟುವುದಿಲ್ಲ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರ ಹೊತ್ತಿಗೆ ದಿನಗೂಲಿಗೆ ಸೇರಿದ್ದ ಆ ಅರ್ಜಿದಾರರಿಗೆ ಆಯಾ ದರ್ಜೆಯ ಕನಿಷ್ಠ ವೇತನವನ್ನು ಕೊಡಬೇಕೆಂದೂ, ಖಾಲಿ ಹುದ್ದೆಗಳಿಗೆ ನೇಮಕ ನಡೆಯುವಾಗ ವಯೋಮಿತಿಯನ್ನು ಸಡಿಲಿಸಿ, ದುಡಿದ ಅನುಭವಕ್ಕೆ ಸ್ವಲ್ಪ ಮನ್ನಣೆಯಿತ್ತು, ಇತರರೊಡನೆ ಸ್ಪರ್ಧಿಸಲು ಅವರಿಗೂ ಅವಕಾಶ ಕೊಡಬೇಕೆಂದೂ ಆಜ್ಞೆಯಾಯಿತು. ಅವರು ಕೆಲಸಕ್ಕೆ ಸೇರಿದ ವರ್ಷದಲ್ಲಿ ಹುಟ್ಟಿದವರು ಆಗ ಅದೇ ಹುದ್ದೆಗಳಿಗೆ ಅರ್ಜಿ ಹಾಕುವ ವಯಸ್ಸಿಗೆ ಬಂದಿದ್ದರು.