ಅವಳ ಮಾತು, ಸರಕಾರದ ಉಪ್ಪು

ಯುದ್ಧದ ಕಥೆಗಳಲ್ಲಿ ಪ್ರೇಮಕ್ಕೆ ಎರಡು ಕಾವಲುಗಾರರು. ಒಬ್ಬ ಸೈನ್ಯದ ಅಧಿಕಾರಿ, ಇನ್ನೊಬ್ಬ ಸಿಪಾಯಿಯ ಸ್ವಂತ ಮನಸ್ಸು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ವಿಷಯದಲ್ಲಿ ಇವೆರಡನ್ನೂ ನಾವು ಕಾಣಬಹುದು.

1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಡಿವಿಜನ್ ಮಾರ್ಸೆಲ್ಸ್ ಬಂದರಿನಲ್ಲಿ ಇಳಿಯಿತು. ಮರುವರ್ಷವೇ ಚಂದ್ರಧರ ಶರ್ಮಾ ಗುಲೇರಿಯವರ 'ಉಸನೇ ಕಹಾ ಥಾ' ಎಂಬ ಹಿಂದಿ ಕಥೆ 'ಸರಸ್ವತಿ' ಪತ್ರಿಕೆಯಲ್ಲಿ ಪ್ರಕಟವಾಯಿತು. 'ಅವಳು ಹೇಳಿದ್ದಳು' ಎಂದು ಅದರ ಅರ್ಥ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಬಂದ ಕಥೆಯಿದು.

ಅಮೃತಸರದ ಅಂಗಡಿಯಲ್ಲಿ ಹನ್ನೆರಡು ವರ್ಷದ ಹುಡುಗ ಲಹನಾ ಸಿಂಗ್ ಎಂಟು ವರ್ಷದ ಹುಡುಗಿಯೊಬ್ಬಳನ್ನು ನೋಡುತ್ತಾನೆ. ನಿನಗೆ ನಿಶ್ಚಿತಾರ್ಥ ಆಯಿತೇ ಎಂದು ಸಿಕ್ಕಾಗಲೆಲ್ಲ ತಮಾಷೆಗೆ ಕೇಳುತ್ತಾನೆ. ಒಂದು ದಿನ ಅವಳು ಆಯಿತು ಎಂದುಬಿಡುತ್ತಾಳೆ. ಇಪ್ಪತ್ತೈದು ವರ್ಷಗಳ ನಂತರ ಲಹನಾ ಜಮಾದಾರನಾಗಿದ್ದಾನೆ, ಅವಳು ಅವನ ಸುಬೇದಾರನ ಹೆಂಡತಿ. ಗಂಡನೂ ಒಬ್ಬನೇ ಮಗನೂ ಯುದ್ಧಕ್ಕೆ ಹೊರಟಿದ್ದಾರೆ. ಇಬ್ಬರನ್ನೂ ಕಾಪಾಡು ಎಂದು ಅವಳು ಸೆರಗೊಡ್ಡಿ ಬೇಡುತ್ತಾಳೆ. ಸರಕಾರ ಭೂಮಿ ಕೊಟ್ಟಿದೆ, ಉಪ್ಪಿನ ಋಣ ತೀರಿಸುವ ಸಮಯ ಬಂದಿದೆ ಎಂಬುದು ಅವಳಿಗೆ ಗೊತ್ತು. ಹೆಂಗಸರದೂ ಒಂದು ಪಲ್ಟನ್ ಇದ್ದಿದ್ದರೆ ತಾನೂ ಹೋಗುತ್ತಿದ್ದೆ ಎನ್ನುತ್ತಾಳೆ.

ಕಥೆಯಲ್ಲಿ ಪ್ರೇಮವೆಂಬುದು ಇಷ್ಟೇ. ಮುಟ್ಟಿದ್ದಿಲ್ಲ, ಪತ್ರ ಬರೆದದ್ದಿಲ್ಲ. ಲಹನಾ ಚಳಿಯಲ್ಲಿ ತನ್ನ ಕಂಬಳಿ, ಜರ್ಸಿಗಳನ್ನು ಕಾಯಿಲೆಯ ಹುಡುಗನಿಗೆ ಹೊದಿಸುತ್ತಾನೆ. ಜರ್ಮನ್ನರ ದಾಳಿಯಲ್ಲಿ ತನಗೆ ತಗುಲಿದ ದೊಡ್ಡ ಗಾಯವನ್ನು ಮುಚ್ಚಿಟ್ಟು ತಂದೆ ಮಗನನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸುತ್ತಾನೆ. ಇದನ್ನು ನಿಷ್ಕಳಂಕ ತ್ಯಾಗ ಎಂದು ಹೊಗಳುವುದು ವಾಡಿಕೆ. ನಮಗೇಕೋ ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ. ಸೆರಗೊಡ್ಡಿ ನಿಂತವಳಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯ ಅವನಿಗೆ ಇತ್ತೇ? ಸಾಯುವಾಗ ಅವನ ಬಾಯಲ್ಲಿ ಊರಿನ ಮಾವಿನ ಮರವಿದೆ, ಸೋದರ ಕೀರತ್ ಸಿಂಗ್ ಇದ್ದಾನೆ. ಅವನಿಗೂ ಬದುಕುವ ಆಸೆಯಿತ್ತು.

ಇನ್ನೊಂದು ಸಣ್ಣ ಪ್ರಸಂಗ. ಸಿಪಾಯಿಗಳಿಗೆ ಹಣ್ಣು, ಹಾಲು ಕೊಡುವ ಫ್ರೆಂಚ್ ಮೇಮ್ ಒಬ್ಬಳು ಕಥೆಯಲ್ಲಿ ಬರುತ್ತಾಳೆ. ಸಿಖ್ಖರು ತಂಬಾಕು ಮುಟ್ಟುವುದಿಲ್ಲವೆಂದು ತಿಳಿಯದೆ ಸಿಗರೇಟನ್ನು ತುಟಿಗೇ ಇಡಲು ಬರುತ್ತಾಳೆ. ಗುಲೇರಿಯವರು ನಗಿಸಿ ಮುಂದೆ ಹೋಗುತ್ತಾರೆ. ಆದರೆ ಆ ನಗೆಯ ಆಚೆ ಇಂಗ್ಲೆಂಡಿನಲ್ಲಿ ಅದೇ ವಿಷಯಕ್ಕೆ ಮುಳ್ಳುತಂತಿ ಬಿಗಿದಿತ್ತು. ಬ್ರೈಟನ್ನಿನ ಕಿಚನರ್ ಆಸ್ಪತ್ರೆಯಲ್ಲಿ ಗಾಯಾಳು ಭಾರತೀಯರು ಊರಿನ ಹೆಂಗಸರನ್ನು ಭೇಟಿಯಾಗದಂತೆ ಗೋಡೆ ಮೇಲೆ ತಂತಿ ಹಾಕಿ ಕಾವಲಿಟ್ಟಿದ್ದರು. 1915ರ ಮೇ ತಿಂಗಳಲ್ಲಿ 'ಡೇಲಿ ಮೇಲ್' ಪತ್ರಿಕೆ ಗಾಯಾಳು ಭಾರತೀಯನ ಪಕ್ಕ ನಿಂತ ಆಂಗ್ಲ ದಾದಿಯ ಚಿತ್ರ ಅಚ್ಚಿಸಿದಾಗ ಗದ್ದಲವೇ ಎದ್ದಿತು. ಭಾರತೀಯರ ಆಸ್ಪತ್ರೆಗಳಿಂದ ದಾದಿಯರನ್ನು ಹಿಂದೆಗೆಯಲು ಆದೇಶವಾಯಿತು. ಸಾಮ್ರಾಜ್ಯಕ್ಕಾಗಿ ಗುಂಡೇಟು ತಿನ್ನಬಹುದು, ಬಿಳಿಯ ಹೆಣ್ಣಿನ ಕೈಯಿಂದ ಔಷಧ ತೆಗೆದುಕೊಳ್ಳಬಾರದು! ಆದರೂ ಫ್ರಾನ್ಸಿನಲ್ಲಿ ಸ್ನೇಹ ಬೆಳೆದವು, ಕೆಲವು ಮದುವೆಗಳೂ ಆದವು. ಸೆನ್ಸಾರ್ ಕಚೇರಿ ತೆರೆದು ಓದಿದ ಸಿಪಾಯಿಗಳ ಪತ್ರಗಳೇ ಇದಕ್ಕೆ ಸಾಕ್ಷಿ.

ಈ ಭಯವನ್ನು ಕಾದಂಬರಿಗೆ ತಂದವರು ಮುಲ್ಕ್ ರಾಜ್ ಆನಂದ್. ಅವರ ತಂದೆಯೇ ಡೋಗ್ರಾ ಪಲ್ಟನ್ನಿನವರು. 1940ರಲ್ಲಿ ಬಂದ 'ಅಕ್ರಾಸ್ ದ ಬ್ಲ್ಯಾಕ್ ವಾಟರ್ಸ್' ಕಾದಂಬರಿಯ ಲಾಲು ಫ್ರೆಂಚ್ ರೈತನ ಮಗಳು ಮಾರಿಯೊಡನೆ ಸಲಿಗೆಯಿಂದ ಇರುತ್ತಾನೆ, ಆದರೆ ಸಾಹೇಬರ ಕಣ್ಣಿಗೆ ಬಿದ್ದರೇನು ಗತಿ ಎಂಬ ಅಳುಕು ಅವನ ಸುತ್ತ ಇದ್ದೇ ಇದೆ. ಲಹನಾನ ಕಾವಲುಗಾರ ಒಳಗಿದ್ದ, ಲಾಲುವಿನವನು ಹೊರಗೆ.

ಗುಲೇರಿಯವರ ಕಥೆ ಮುಗಿಯುವುದು ಲಹನಾನ ಸಾವಿನಿಂದಲ್ಲ, ಕೆಲ ದಿನಗಳ ನಂತರ ಪತ್ರಿಕೆಯಲ್ಲಿ ಬಂದ ಪ್ರಕಟಣೆಯಿಂದ. ಗಾಯಗಳಿಂದ ಸತ್ತವರ ಅರವತ್ತೆಂಟನೆಯ ಪಟ್ಟಿ ಅದು. ಅದರಲ್ಲಿ ಅವನ ಪಲ್ಟನ್ ಇದೆ, ಹುದ್ದೆ ಇದೆ, ಹೆಸರಿದೆ. ಅವಳು ಏನು ಹೇಳಿದ್ದಳೆಂಬುದು ಅದರಲ್ಲಿ ಇಲ್ಲ.