ಬಿಳಿಚುಕ್ಕೆ ರೋಗ (ಕಡಲ ಅಕ್ವೇರಿಯಂ ಮೀನುಗಳಲ್ಲಿ)

ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಸಾಕುವ ಮೀನುಗಳಿಗೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರೋಪಜೀವಿಯಿಂದ ತಗಲುವ ರೋಗ. ಮೈ ಮತ್ತು ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳೇಳುತ್ತವೆ. ಮೀನು ಕಲ್ಲಿಗೆ, ಮರಳಿಗೆ ಮೈ ಉಜ್ಜಿಕೊಳ್ಳುತ್ತದೆ, ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ. ಸಾವು ಬರುವುದು ಹೆಚ್ಚಾಗಿ ಕಿವಿರು ಕೆಟ್ಟು ಉಸಿರು ಕಟ್ಟಿ. ಎಷ್ಟೋ ಸಲ ಮೈಮೇಲೆ ನಾಲ್ಕೇ ಚುಕ್ಕೆ ಇರುವಾಗ ಕಿವಿರಿನ ತುಂಬ ಪರೋಪಜೀವಿಗಳಿರುತ್ತವೆ. ಆದ್ದರಿಂದ ಚುಕ್ಕೆ ಎಣಿಸುವುದಕ್ಕಿಂತ ಉಸಿರಾಟದ ವೇಗವನ್ನು ಗಮನಿಸುವುದು ಮೇಲು.

ಈ ಜೀವಿಯನ್ನು 1930ರ ದಶಕದಲ್ಲಿ ಜಪಾನಿನ ಸಿಕಾಮಾ ಗುರುತಿಸಿದರು. ಈಗಿನ ಹೆಸರನ್ನು 1951ರಲ್ಲಿ ಬ್ರೌನ್ ಕೊಟ್ಟರು. ಸಿಹಿನೀರಿನ ಮೀನುಗಳಿಗೆ ಬರುವ ಬಿಳಿಚುಕ್ಕೆಗೆ ಕಾರಣವಾದ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್ ಬೇರೆ ಜೀವಿ. ಎರಡೂ ಲೋಮಾಂಗಜೀವಿಗಳೇ ಆದರೂ ವರ್ಗ ಬೇರೆ. ಮೀನಿನ ಚರ್ಮದೊಳಗೆ ಬದುಕುವ ರೀತಿ ಮಾತ್ರ ಒಂದನ್ನೊಂದು ಹೋಲುತ್ತದೆ. 1990ರ ದಶಕದಿಂದ ಕರಾವಳಿಯ ಸಿಗಡಿ ಹೊಂಡಗಳನ್ನು ಹಾಳುಮಾಡಿದ ಬಿಳಿಚುಕ್ಕೆ ವೈರಸ್ ರೋಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಜೀವನಚಕ್ರ

ಚಿಕಿತ್ಸೆಯೆಲ್ಲ ನಿಂತಿರುವುದು ಈ ಚಕ್ರದ ಮೇಲೆ. ನೀರಿನಲ್ಲಿ ಈಜುವ ಎಳೆಯ ಹಂತ, ಅಂದರೆ ಥೆರಾಂಟ್, ಮೀನನ್ನು ಹುಡುಕಿ ಚರ್ಮದ ಮೇಲ್ಪದರವನ್ನು ಕೊರೆದು ಒಳಸೇರುತ್ತದೆ. ಅಲ್ಲಿ ಮೂರರಿಂದ ಏಳು ದಿನ ಮೀನಿನ ಜೀವಕೋಶಗಳನ್ನೇ ತಿಂದು ಬಲಿಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಚುಕ್ಕೆ ಇದೇ; ಬಲಿತಾಗ ಸುಮಾರು ಅರ್ಧ ಮಿಲಿಮೀಟರಿನಷ್ಟು. ಬಲಿತ ಜೀವಿ ಸಾಮಾನ್ಯವಾಗಿ ಕತ್ತಲಲ್ಲಿ, ಬೆಳಗಾಗುವ ಮುಂಚೆ, ಮೀನನ್ನು ಬಿಟ್ಟು ತಳಕ್ಕಿಳಿದು, ಕೆಲವು ಗಂಟೆ ತೆವಳಿ, ಮರಳಿಗೋ ಗಾಜಿಗೋ ಅಂಟಿಕೊಂಡು ಗಡಸು ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ಅದು ಒಡೆದೊಡೆದು ಇನ್ನೂರರವರೆಗೆ ಮರಿಗಳಾಗುತ್ತದೆ. ಮರಿಗಳು ಹೊರಬರಲು ಸಾಮಾನ್ಯವಾಗಿ 3ರಿಂದ 28 ದಿನ ಬೇಕು. 72 ದಿನ ತೆಗೆದುಕೊಂಡ ದಾಖಲೆಯೂ ಇದೆ. ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ. ಸೋಂಕು ತಗಲಿಸುವ ಶಕ್ತಿ ಮೊದಲ ಕೆಲವು ಗಂಟೆಗಳಲ್ಲೇ ಕುಗ್ಗುತ್ತದೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಚರ್ಮದ ಕೆಳಗಿರುವಾಗಲೂ ಕವಚದೊಳಗಿರುವಾಗಲೂ ಜೀವಿಗೆ ಔಷಧಿ ತಟ್ಟುವುದಿಲ್ಲ. ಮದ್ದಿಗೆ ಅದು ಸಾಯುವುದು ಈಜುವ ಹಂತದಲ್ಲಿ ಮಾತ್ರ. ಎರಡನೆಯದು ಸಾಕುವವರನ್ನು ಅತಿ ಹೆಚ್ಚು ಮೋಸಗೊಳಿಸುವ ಸಂಗತಿ: ಮದ್ದು ಹಾಕಲಿ ಬಿಡಲಿ, ಒಂದು ವಾರದಲ್ಲಿ ಚುಕ್ಕೆಗಳು ತಾವಾಗಿ ಮಾಯವಾಗುತ್ತವೆ. ರೋಗ ಹೋಯಿತೆಂದು ನಂಬಿದ ಹೊತ್ತಿಗೆ ತಳದ ಕವಚಗಳು ಬಿರಿದು ಮೊದಲಿನ ಹತ್ತು ಪಟ್ಟು ಚುಕ್ಕೆಗಳೇಳುತ್ತವೆ. ಬೆಳ್ಳುಳ್ಳಿ ರಸ ಬೆರೆಸಿದ ಮೇವು, ಕ್ಲೀನರ್ ಸಿಗಡಿ ಇವುಗಳಿಗೆ ಬಂದ ಕೀರ್ತಿಯೆಲ್ಲ ಈ ನಡುವಿನ ಬಿಡುವಿನಿಂದ ಬಂದದ್ದು. ತೆರೆದ ಕಡಲಲ್ಲಿ ಮರಿಗಳು ಚದುರಿಹೋಗುವುದರಿಂದ ಹವಳದ ಮೀನುಗಳಿಗೆ ಸೋಂಕು ಹಗುರವಾಗಿರುತ್ತದೆ. ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಅವಕ್ಕೆ ಮೀನು ತಪ್ಪುವ ಮಾತೇ ಇಲ್ಲ. ಕಡಲಲ್ಲಿ ಬಲೆಪಂಜರದೊಳಗೆ ಒತ್ತಾಗಿ ಬೆಳೆಸುವ ಮೀನುಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರ ಪಂಜರ ಕೃಷಿಗೆ ತಂದ ಏಷ್ಯನ್ ಸೀಬಾಸ್, ಕೋಬಿಯಾ ಎರಡೂ ಈ ರೋಗಕ್ಕೆ ತುತ್ತಾಗುವ ಜಾತಿಗಳು.

ಚಿಕಿತ್ಸೆ

ತಾಮ್ರ ಹಳೆಯ, ಇಂದಿಗೂ ನಂಬಬಹುದಾದ ಮದ್ದು. ನೀರಿನಲ್ಲಿ ತಾಮ್ರದ ಅಯಾನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇರುವಂತೆ ಎರಡು ಮೂರು ದಿನಗಳಲ್ಲಿ ನಿಧಾನವಾಗಿ ಏರಿಸಿ, ಕನಿಷ್ಠ ಮೂರು ವಾರ ಅದೇ ಮಟ್ಟದಲ್ಲಿ ಹಿಡಿದಿಡಬೇಕು. ಮಟ್ಟ ಇಳಿದರೆ ಮರಿಗಳು ಉಳಿಯುತ್ತವೆ, ಏರಿದರೆ ಮೀನು ಸಾಯುತ್ತದೆ. ದಿನಕ್ಕೆರಡು ಸಲ ಟೆಸ್ಟ್ ಕಿಟ್‌ನಿಂದ ಅಳೆಯದೆ ತಾಮ್ರಕ್ಕೆ ಕೈಹಾಕಬಾರದು. ಧಾರವಾಡ ಸೀಮೆಯ ರೈತರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ತಾಮ್ರದ ಸಲ್ಫೇಟೇ ಆದರೂ ಕೃಷಿ ದರ್ಜೆಯ ಪುಡಿ ಇಲ್ಲಿಗೆ ಸಲ್ಲದು. 100 ಲೀಟರ್ ನೀರಿಗೆ ಬೇಕಾದದ್ದು ಸುಮಾರು 80 ಮಿಲಿಗ್ರಾಂ ಮಾತ್ರ. ಒಂದು ಚಿಟಿಕೆಯಲ್ಲಿ ಅದರ ಹಲವು ಪಟ್ಟು ಇರುತ್ತದೆ. ಹವಳ, ಸಿಗಡಿ, ಶಂಖದ ಹುಳು, ಕಡಲ ಹೂವು ಇವೆಲ್ಲಕ್ಕೂ ತಾಮ್ರ ವಿಷ. ಮರಳು, ಹವಳಗಲ್ಲು ಅದನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಮೀನುಗಳನ್ನು ತಳದಲ್ಲಿ ಏನೂ ಇಲ್ಲದ ಬೇರೆ ತೊಟ್ಟಿಗೆ ಸಾಗಿಸಿಯೇ ಚಿಕಿತ್ಸೆ ನಡೆಸಬೇಕು.

ಲವಣಾಂಶ ಇಳಿಸುವುದು ಇನ್ನೊಂದು ದಾರಿ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಭಾಗ ಉಪ್ಪು. ಅದನ್ನು ಒಂದೆರಡು ದಿನಗಳಲ್ಲಿ 15-16 ಭಾಗಕ್ಕೆ ಇಳಿಸಿ ಮೂರರಿಂದ ನಾಲ್ಕು ವಾರ ಕಾಯ್ದರೆ ಕವಚದೊಳಗಿನ ಬೆಳವಣಿಗೆ ಕೆಡುತ್ತದೆ. ಮೀನು ತಾಳಿಕೊಳ್ಳುತ್ತದೆ, ಹವಳ ತಾಳುವುದಿಲ್ಲ. ಅಳತೆಗೆ ರಿಫ್ರಾಕ್ಟೋಮೀಟರ್ ಬೇಕೇ ಬೇಕು. ಕಡಿಮೆ ಉಪ್ಪಿಗೂ ಜಗ್ಗದ ತಳಿಗಳು ಪತ್ತೆಯಾಗಿರುವುದರಿಂದ ಇದನ್ನು ಪೂರ್ತಿ ನಂಬುವಂತಿಲ್ಲ. ಲೀಟರಿಗೆ 10 ಮಿಲಿಗ್ರಾಂ ಕ್ಲೋರೋಕ್ವಿನ್ ಫಾಸ್ಫೇಟ್ ಕೂಡ ಬಳಕೆಯಲ್ಲಿದೆ; ಅದನ್ನು ಮೀನು ರೋಗ ಬಲ್ಲ ವೈದ್ಯರ ಸಲಹೆಯಿಲ್ಲದೆ ಹಾಕಬಾರದು.

ಮದ್ದೇ ಇಲ್ಲದ ವಿಧಾನ ತೊಟ್ಟಿ ಬದಲಿಸುವುದು. ಮೂರು ದಿನಕ್ಕೊಮ್ಮೆ ಮೀನನ್ನು, ತೊಳೆದು ಒಣಗಿಸಿ ಹೊಸ ಉಪ್ಪುನೀರು ತುಂಬಿದ ಟಬ್ಬಿಗೆ ದಾಟಿಸುತ್ತ ಹೋದರೆ, ನಾಲ್ಕನೆಯ ದಾಟಿನ ಹೊತ್ತಿಗೆ ಬಲಿತ ಜೀವಿಗಳೆಲ್ಲ ಹಿಂದಿನ ಟಬ್ಬುಗಳಲ್ಲಿ ಉಳಿದಿರುತ್ತವೆ. ಕವಚ ಬಿರಿಯುವ ಹೊತ್ತಿಗೆ ಮೀನು ಅಲ್ಲಿರುವುದಿಲ್ಲ. ಬಲೆ, ಪೈಪು, ಏರ್‌ಸ್ಟೋನ್ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣದ ಲೆಕ್ಕದಲ್ಲಿ 40 ಲೀಟರಿನ ಟಬ್ಬಿಗೆ ಪ್ರತಿ ಸಲ ಸುಮಾರು 1.4 ಕಿಲೋ ಬೇಕಾಗುತ್ತದೆ. ಖರ್ಚು ಇರುವುದು ಅಲ್ಲಿಯೇ. ಒಂದೆರಡು ಸಣ್ಣ ಮೀನು ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾವ ವಿಧಾನ ಹಿಡಿದರೂ ಮೂಲ ತೊಟ್ಟಿಯನ್ನು ಮೀನಿಲ್ಲದೆ ಖಾಲಿ ಬಿಡಬೇಕು. ಆರು ವಾರ ಕನಿಷ್ಠ. 72 ದಿನದ ದಾಖಲೆಯನ್ನು ಲೆಕ್ಕಕ್ಕಿಟ್ಟು ಅನೇಕರು 76 ದಿನ ಬಿಡುತ್ತಾರೆ. ಹವಳ, ಸಿಗಡಿಗಳು ಅದರಲ್ಲೇ ಇರಬಹುದು, ಈ ಜೀವಿ ಅವುಗಳಿಗೆ ತಗಲುವುದಿಲ್ಲ.

ಒಳನಾಡಿನಲ್ಲಿ

ಧಾರವಾಡ ಜಿಲ್ಲೆಯ ಅಳ್ನಾವರ ಮಲೆನಾಡಿನ ಸೆರಗಿನ ರೈಲು ಜಂಕ್ಷನ್. ಗೋವೆಯ ಕಡಲಿಗೆ ಹೋಗುವ ಹಳಿ ಅದರ ಮೂಲಕವೇ ಲೋಂಡಾದತ್ತ ಹಾಯುತ್ತದೆ, ಆದರೆ ಕಡಲು ಘಟ್ಟದ ಆಚೆ. ಇಂಥ ಊರಿಗೆ ಕ್ಲೌನ್, ಡ್ಯಾಮ್ಸೆಲ್ ಮೀನುಗಳು ಬರುವುದು ಆಮ್ಲಜನಕ ತುಂಬಿದ ಚೀಲಗಳಲ್ಲಿ, ಕೈಯಿಂದ ಕೈಗೆ ದಾಟಿ. ಆ ದಣಿವೇ ರೋಗಕ್ಕೆ ದಾರಿ ಮಾಡುತ್ತದೆ. ಸಿಹಿನೀರಿನ ಮೀನು ಸಾಕಿ ಪಳಗಿದ ಕೈಗಳು ಬಿಸಿ 30 ಡಿಗ್ರಿಗೆ ಏರಿಸಿ ಉಪ್ಪು ಹಾಕುವ ತಮ್ಮ ಹಳೆಯ ಮದ್ದನ್ನೇ ಇಲ್ಲಿಗೂ ತರುವುದು ದೊಡ್ಡ ಅಪಾಯ. ಕಡಲ ಮೀನು ಇರುವುದೇ ಉಪ್ಪಿನಲ್ಲಿ. ಬಿಸಿ ಏರಿದರೆ ನೀರಿನ ಆಮ್ಲಜನಕ ಇಳಿದು ಕೆಟ್ಟ ಕಿವಿರಿಗೆ ಇನ್ನಷ್ಟು ಕಷ್ಟ.

ಚಳಿಯೂ ಲೆಕ್ಕಕ್ಕೆ ಬರುತ್ತದೆ. ಈ ಸೀಮೆಯಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ತಣ್ಣೀರಿನಲ್ಲಿ ಕವಚದೊಳಗಿನ ಬೆಳವಣಿಗೆ ನಿಧಾನವಾಗುತ್ತದೆ, ನಿಂತೇಹೋಗಬಹುದು, ಜೀವಿ ಸಾಯುವುದಿಲ್ಲ. ಖಾಲಿ ಬಿಟ್ಟ ತೊಟ್ಟಿಯಲ್ಲೂ ಹೀಟರ್ ಇಟ್ಟು 25-27 ಡಿಗ್ರಿ ಕಾಯದಿದ್ದರೆ 76 ದಿನದ ಲೆಕ್ಕ ಉಪಯೋಗಕ್ಕೆ ಬಾರದು. ಉಪ್ಪು ಬೆರೆಸಲು ಬೋರ್‌ವೆಲ್ಲಿನ ಗಡಸು ನೀರಿಗಿಂತ ಆರ್‌ಒ ನೀರು ಒಳ್ಳೆಯದು.

ಹೊಸ ಮೀನನ್ನು ನೇರವಾಗಿ ಪ್ರದರ್ಶನದ ತೊಟ್ಟಿಗೆ ಬಿಡದೆ ಒಂದು ತಿಂಗಳು ಬೇರೆ ಇರಿಸಿ ನೋಡಬೇಕು. ಸೋಂಕು ಕಂಡು ಬದುಕಿದ ಮೀನಿಗೆ ಸುಮಾರು ಆರು ತಿಂಗಳ ಪ್ರತಿರೋಧ ಬರುತ್ತದೆ. ಅಂಥ ಮೀನು ಚುಕ್ಕೆ ತೋರಿಸದೆಯೇ ಜೀವಿಯನ್ನು ಹೊತ್ತಿರಬಲ್ಲದು. ಸೋಂಕಿದ ತೊಟ್ಟಿಯಿಂದ ತಂದ ಹವಳ, ಕಲ್ಲು, ಚಿಪ್ಪುಗಳಿಗೂ ಕವಚಗಳು ಅಂಟಿಕೊಂಡು ಬರುತ್ತವೆ. ಅವುಗಳನ್ನೂ ಮೀನಿಲ್ಲದ ನೀರಿನಲ್ಲಿ ಖಾಲಿ ಬಿಟ್ಟ ತೊಟ್ಟಿಯಷ್ಟೇ ದಿನ ಇರಿಸಬೇಕು.