ಪಠ್ಯ ಮತ್ತು ಪ್ರದರ್ಶನ: ಒಂದು ಕೆರಿಬಿಯನ್ ನಾಟಕ ಹಾಗೂ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು

ನಾಟಕವೊಂದನ್ನು ಓದಿ ತಿಳಿಯುವುದಕ್ಕೂ ಆಡಿ ತಿಳಿಯುವುದಕ್ಕೂ ಇರುವ ಅಂತರವು ಕೇವಲ ರಂಗಭೂಮಿಗೆ ಸೇರಿದ ಪ್ರಶ್ನೆಯಲ್ಲ. ಚರಿತ್ರೆಯ ಆಕರಗಳಿಗೆ ಸಂಬಂಧಿಸಿದ ಪ್ರಶ್ನೆಯೂ ಹೌದು. ತಮ್ಮ ಅರಿವನ್ನು ಬರಹಕ್ಕಿಂತ ಹೆಚ್ಚಾಗಿ ಹಾಡಿನಲ್ಲಿ, ಆಟದಲ್ಲಿ ಉಳಿಸಿಕೊಂಡು ಬಂದ ಸಮುದಾಯಗಳ ವಿಷಯದಲ್ಲಿ ಅಚ್ಚಾದ ರೂಪವನ್ನಷ್ಟೇ ಆಕರವೆಂದು ಹಿಡಿದರೆ ಏನು ಕೈತಪ್ಪುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಎರಡು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ.

ಮೊದಲನೆಯದು ಕೆರಿಬಿಯನ್ ದ್ವೀಪಗಳದು. ಸೇಂಟ್ ಲೂಸಿಯಾದಲ್ಲಿ ಹುಟ್ಟಿ 1992ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಡೆರೆಕ್ ವಾಲ್ಕಾಟ್ (1930–2017) ಅವರು 1959ರಲ್ಲಿ ಟ್ರಿನಿಡಾಡ್‌ನಲ್ಲಿ ನಟರ ತಂಡವೊಂದನ್ನು ಕಟ್ಟಿದರು. ಅವರ ‘ಡ್ರೀಮ್ ಆನ್ ಮಂಕಿ ಮೌಂಟನ್’ ನಾಟಕವನ್ನು ಈ ತಂಡವು 1967ರಲ್ಲಿ ಟೊರಾಂಟೋದಲ್ಲಿ ಮೊದಲು ಆಡಿತು. ಅದು ಪುಸ್ತಕದಲ್ಲಿ ಅಚ್ಚಾದುದು 1970ರಲ್ಲಿ. ಅಂದರೆ ಆಟ ಮೊದಲು, ಪುಟ ಅನಂತರ. ಬೆಟ್ಟದಲ್ಲಿ ಇದ್ದಿಲು ಸುಟ್ಟು ಬದುಕುವ ಮುದುಕ ಮಕಾಕ್ ಪೇಟೆಯಲ್ಲಿ ಗಲಭೆ ಮಾಡಿದನೆಂದು ಸೆರೆಯಾಗುತ್ತಾನೆ. ಅಲ್ಲಿಂದ ಕಥೆ ಕನಸಾಗಿ ಬೆಳೆಯುತ್ತದೆ. ಅವನ ಗೆಳೆಯ ಮುಸ್ತೀಕ್ ಸಂತೆಯ ಜನರ ಹೊಡೆತಕ್ಕೆ ಸಿಕ್ಕಿ ಸಾಯುತ್ತಾನೆ. ಮುಂದೆ ಮತ್ತೆ ಬಂದು ಮರಣದಂಡನೆಗೆ ಗುರಿಯಾಗುತ್ತಾನೆ. ಕೊನೆಗೆ ಜೀವಂತನಾಗಿ ಸೆರೆಮನೆಯ ಬಾಗಿಲಿಗೆ ಬರುತ್ತಾನೆ. ಓದುಗನು ಇಲ್ಲಿ ತಡೆದು, ಯಾವುದು ನಿಜ, ಯಾವುದು ಕನಸೆಂದು ಪುಟ ಹಿಂದಿರುಗಿಸುತ್ತಾನೆ. ರಂಗದ ಮೇಲಾದರೋ ಅದೇ ನಟನ ಅದೇ ದೇಹ ಮರಳಿ ಬಂದು ನಿಲ್ಲುತ್ತದೆ. ಹಿಂದಿರುಗಿ ನೋಡಲು ಪುಟವಿಲ್ಲ. ಕನಸಿನ ತರ್ಕವನ್ನು ಪ್ರೇಕ್ಷಕನು ವಿವರಣೆಯಿಲ್ಲದೆಯೇ ಒಪ್ಪುತ್ತಾನೆ. ಇದಕ್ಕೆ ದಾರಿ ಮಾಡಿಕೊಡುವುದು ಕಥೆ ಹೇಳುವ ಮುಖ್ಯ ಗಾಯಕ ಹಾಗೂ ಅವನಿಗೆ ದನಿಗೂಡಿಸುವ ಮೇಳ.

ಮುಖ್ಯ ಗಾಯಕ ಮತ್ತು ಮೇಳದ ಈ ರಚನೆ ನಮಗೆ ಅಪರಿಚಿತವಲ್ಲ. ಎಪ್ಪತ್ತೇಳು ಮಲೆಯೆಂದು ಜನಪದರು ಕರೆಯುವ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರ ಕಾವ್ಯವು ಇದೇ ರೀತಿಯದು. ಬೆಟ್ಟದಿಂದ ಹೊಗೇನಕಲ್ ಕಡೆಗೆ ಸಾಗುವ ದಾರಿಯಲ್ಲಿರುವ ಗೋಪಿನಾಥಂ ಈ ಸೀಮೆಯ ಗಡಿಗ್ರಾಮ. ಈ ಭಾಗವನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಗ್ರಾಮವು ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ತಮಿಳು ಮನೆಮಾತಿನವರು ಹೆಚ್ಚಾಗಿರುವ ಈ ಊರನ್ನು ಹೊರಜಗತ್ತು ವೀರಪ್ಪನ್ ಹುಟ್ಟಿದೂರೆಂದು, ಪತ್ರಿಕೆಯ ವರದಿ ಮತ್ತು ಪೊಲೀಸ್ ಕಡತಗಳ ಮೂಲಕ ಮಾತ್ರ ಓದಿತು. ಬೆಟ್ಟದ ಬದುಕು ಹೊರಗಿನವರಿಗೆ ಅಪರಾಧದ ಕಡತವಾಗಿ ತಲಪುವುದು ಮಕಾಕ್‌ನ ಕಥೆಯ ಆರಂಭವೂ ಆಗಿದೆಯೆಂಬುದು ಗಮನಾರ್ಹ.

ಮಾದೇಶ್ವರ ಕಾವ್ಯವು ಅಚ್ಚಿಗೆ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವಿದ್ವಾಂಸರ ಶ್ರಮದಿಂದ. ಪಿ.ಕೆ. ರಾಜಶೇಖರ ಅವರ ಸಂಪಾದನೆ 1973ರಲ್ಲಿ ಹೊರಬಂದಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅದನ್ನು 1997ರಲ್ಲಿ ಪ್ರಕಟಿಸಿತು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿಯು 2001ರಲ್ಲಿ ಹೊರತಂದಿತು.

ಈ ಕಾವ್ಯದ ಸಂಕಮ್ಮನ ಸಾಲನ್ನು ನೋಡಬಹುದು. ಕಾಡಿಗೆ ಹೊರಟ ನೀಲೇಗೌಡನು ತನ್ನ ಹೆಂಡತಿ ಸಂಕಮ್ಮನಿಗೆ, ತಾನು ಬರುವವರೆಗೆ ಶೀಲವಂತೆಯಾಗಿರುವೆನೆಂದು ಬಲಗೈ ಭಾಷೆ ಕೊಡುವಂತೆ ಒತ್ತಾಯಿಸುತ್ತಾನೆ. ಆಕೆ ಕೊಡುವುದಿಲ್ಲ. ಚಿತ್ರಹಿಂಸೆಗೂ ಸೆರೆಗೂ ಒಳಗಾಗುತ್ತಾಳೆ. ಮಾದೇಶ್ವರನು ಬಂದು ಸಂತಾನಭಾಗ್ಯ ಕರುಣಿಸುತ್ತಾನೆ. ಮುದ್ರಿತ ಪುಟದಲ್ಲಿ ಇದು ಹೆಣ್ಣೊಬ್ಬಳ ನಿರಾಕರಣೆ. ಮರುಕಳಿಸುವ ಸಾಲುಗಳು ಪುನರುಕ್ತಿಯಂತೆ ತೋರಿ ಕಣ್ಣು ಅವನ್ನು ದಾಟಿ ಮುಂದೆ ಹೋಗುತ್ತದೆ. ಹಾಡಿಕೆಯಲ್ಲಿ ಗಂಡನ ಗದರಿಕೆಯೂ ಹೆಂಡತಿಯ ಉತ್ತರವೂ ಒಬ್ಬನೇ ಗಂಡಸಿನ ಕಂಠದಿಂದ ಹೊರಡುತ್ತವೆ. ಆಕೆಯ ಮಾತಿಗೆ ಹಿಮ್ಮೇಳವು ದನಿಗೂಡಿಸಿದಾಗ ಅದು ಒಬ್ಬಳ ಮಾತಾಗಿ ಉಳಿಯದೆ ನೆರೆದ ಮಂದಿಯ ಸಾಕ್ಷ್ಯವಾಗುತ್ತದೆ. ಪುನರುಕ್ತಿಯೆಂದು ಕಂಡುದು ಇಲ್ಲಿ ನ್ಯಾಯತೀರ್ಮಾನದ ಕ್ರಮವೇ ಆಗಿದೆ. ಭಾಷೆ ಕೊಡದವಳ ಪರವಾಗಿ ನಿಂತವರಾರು ಎಂಬ ಪ್ರಶ್ನೆಗೆ ಪುಟದಲ್ಲಿ ದೊರೆಯುವ ಉತ್ತರ ದೇವರು. ಹಾಡಿಕೆಯಲ್ಲಿ ದೇವರ ಜೊತೆಗೆ ಮೇಳವೂ ಇದೆ.

ಹಾಗೆಂದು ಓದನ್ನು ಕೀಳುಗಳೆಯಲಾಗದು. ಇಬ್ಬರು ಗಾಯಕರ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಬ್ಬರು ಹಿಗ್ಗಿಸಿದುದನ್ನು ಮತ್ತೊಬ್ಬರು ಕುಗ್ಗಿಸಿದ್ದಾರೆಯೇ ಎಂದು ನೋಡಲು ಅಚ್ಚಿನ ಪುಸ್ತಕವೇ ಬೇಕು. ಒಂದು ರಾತ್ರಿಯ ಕೇಳ್ಮೆಗೆ ಅದು ಸಾಧ್ಯವಿಲ್ಲ. ಪ್ರದರ್ಶನವೆಲ್ಲವೂ ಅರ್ಥವನ್ನು ಉಳಿಸುತ್ತದೆಯೆಂಬುದೂ ಸರಿಯಲ್ಲ. ಉತ್ಸವಗಳ ವೇದಿಕೆಯಲ್ಲಿ ಕೆಲವೇ ನಿಮಿಷಗಳ ಬೀಸು ಕಂಸಾಳೆಯಾಗಿ ಕಾಣಿಸಿಕೊಳ್ಳುವಾಗ ಲಯವೂ ಮೈಕಸರತ್ತೂ ಉಳಿಯುತ್ತವೆ, ಸಂಕಮ್ಮನ ಕಥೆ ಉಳಿಯುವುದಿಲ್ಲ. ಪುಟದಲ್ಲಿ ದನಿಯಿಲ್ಲದ ಮಾತಿದ್ದರೆ, ವೇದಿಕೆಯಲ್ಲಿ ಮಾತಿಲ್ಲದ ದನಿಯಿದೆ.

ಆದುದರಿಂದ ಓದಿದ ಪಠ್ಯವೂ ಆಡಿದ ಪಠ್ಯವೂ ಒಂದಕ್ಕೊಂದು ಬದಲಿಯಲ್ಲ. ಅವು ಎರಡು ಬಗೆಯ ಆಕರಗಳು. ನಮ್ಮ ಗ್ರಂಥಾಲಯಗಳು ಮುದ್ರಿತ ಕಾವ್ಯದ ಜೊತೆಗೆ, ಹಿಮ್ಮೇಳದ ದನಿಯನ್ನೂ ಕೇಳುಗರ ಸ್ಪಂದನವನ್ನೂ ಕತ್ತರಿಸದ ಇಡೀ ರಾತ್ರಿಯ ಧ್ವನಿಮುದ್ರಣವನ್ನು ಇರಿಸಿಕೊಳ್ಳುವುದು ಅವಶ್ಯ. ಕನ್ನಡ ಓದಲು ಬಾರದ ಗಡಿಯ ಭಕ್ತನೂ ಕಂಸಾಳೆಯ ದನಿಗೆ ಓಗೊಡಬಲ್ಲನು. ಅವನನ್ನು ಹೊರಗಿಟ್ಟು ಬರೆದ ಮಲೆಯ ಚರಿತ್ರೆಯು, ಗೋಪಿನಾಥಂ ಅನ್ನು ಕಡತದಿಂದಷ್ಟೇ ಬಲ್ಲವರ ಚರಿತ್ರೆಯಂತೆ, ಅಪೂರ್ಣವಾಗಿಯೇ ಉಳಿಯುತ್ತದೆ.